ಬಿದ್ದ ಕಲ್ಲು, ಬಿದ್ದ ಹೊತ್ತು

ಆಶಯ ಭಾಷಣ ಮಾಡುವವನಿಗೆ ಒಂದು ಸವಲತ್ತಿದೆ: ತಾನು ಪ್ರಬಂಧ ಮಂಡಿಸದೆಯೇ ಎಲ್ಲರ ಪ್ರಬಂಧದ ಮೇಲೂ ತಕರಾರು ತೆಗೆಯಬಹುದು. ಅದನ್ನು ಧಾರಾಳವಾಗಿಯೇ ಬಳಸಿಕೊಳ್ಳುತ್ತೇನೆ. ಜಗತ್ತಿನ ಅಧಿಕೃತ ಪಟ್ಟಿಯಲ್ಲಿ ಇಂದು 70,000ಕ್ಕೂ ಹೆಚ್ಚು ಉಲ್ಕಾಶಿಲೆಗಳಿವೆ. ಬೀಳುವುದನ್ನು ಯಾರೋ ಕಂಡು, ಹುಡುಕಿ ಎತ್ತಿಕೊಂಡವು ಅವುಗಳಲ್ಲಿ 1,200ರ ಆಚೀಚೆ. ಮಿಕ್ಕವುಗಳಲ್ಲಿ ಹೆಚ್ಚಿನವು ಅಂಟಾರ್ಕ್ಟಿಕಾದ ಹಿಮದಲ್ಲೋ ಸಹಾರಾದ ಮರಳಿನಲ್ಲೋ ಎಷ್ಟೋ ಕಾಲ ಬಿದ್ದಿದ್ದು ಆಮೇಲೆ ಸಿಕ್ಕವು. ಕಣ್ಣೆದುರು ಬಿದ್ದ ಕಲ್ಲಿಗೆ ಎಲ್ಲರೂ ಹೆಚ್ಚು ಬೆಲೆ ಕಟ್ಟುತ್ತಾರೆ, ಹರಾಜಿನವರೂ ಸಂಶೋಧಕರೂ. ಆದರೆ ಬೆಲೆ ಕಟ್ಟುವಾಗ ನಾವು ನೋಡುವುದು ತೂಕ, ಮತ್ತೆ ವರ್ಗ. ಕಂಡವರ ಹೇಳಿಕೆಯನ್ನೂ ಬಿದ್ದ ಹೊತ್ತನ್ನೂ ಕಲ್ಲಿನ ಜೊತೆಗೆ ಬಂದ ಕತೆಯೆಂದು ಬದಿಗಿಡುತ್ತೇವೆ. ನಮ್ಮ ಶಾಸ್ತ್ರ ದಾರಿ ತಪ್ಪಿದ್ದು ಅಲ್ಲಿಯೇ ಎಂದು ನಾನು ಬಹುಕಾಲದಿಂದ ನಂಬಿದ್ದೇನೆ.

ಈ ಶಾಸ್ತ್ರ ಹುಟ್ಟಿದ್ದೇ ಸಾಕ್ಷಿಗಳಿಂದ. ಕಲ್ಲುಗಳು ಆಕಾಶದಾಚೆಯಿಂದ ಬರುತ್ತವೆ ಎಂದು 1794ರಲ್ಲಿ ಜರ್ಮನ್ ಭೌತವಿಜ್ಞಾನಿ ಕ್ಲಾಡ್ನಿ ವಾದಿಸಿದಾಗ ಅವನ ಕೈಯಲ್ಲಿದ್ದ ಮುಖ್ಯ ಆಧಾರ ಹಳೆಯ ದಾಖಲೆಗಳಲ್ಲಿ ಉಳಿದಿದ್ದ ಕಂಡವರ ಮಾತು. 1798ರ ಡಿಸೆಂಬರ್ 19ರ ರಾತ್ರಿ ಸುಮಾರು ಎಂಟು ಗಂಟೆಗೆ ಕಾಶಿಯ ಹತ್ತಿರ ಕಲ್ಲುಗಳು ಬಿದ್ದವು. ಆಕಾಶ ನಿರ್ಮಲವಾಗಿತ್ತು ಎಂಬುದನ್ನೂ ಹಳ್ಳಿಯವರ ಹೇಳಿಕೆಗಳನ್ನೂ ಸೇರಿಸಿದ ವರದಿ ಲಂಡನ್ ತಲುಪಿತು. 1802ರಲ್ಲಿ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಹೊವರ್ಡ್ ಆ ಕಲ್ಲನ್ನು ಇಟಲಿಯ ಸಿಯೆನಾ, ಇಂಗ್ಲೆಂಡಿನ ವೋಲ್ಡ್ ಕಾಟೇಜ್ ಮುಂತಾದ ಕಡೆ ಬಿದ್ದವುಗಳ ಜೊತೆಗಿಟ್ಟು ಪರೀಕ್ಷಿಸಿ, ಎಲ್ಲದರಲ್ಲೂ ನಿಕ್ಕಲ್ ಬೆರೆತ ಕಬ್ಬಿಣವಿದೆ ಎಂದು ತೋರಿಸಿದ. ಮರುವರ್ಷ ಫ್ರಾನ್ಸಿನ ಲೆಗ್ಲ್ ಊರಿನ ಸುತ್ತ ಸಾವಿರಾರು ಕಲ್ಲು ಬಿದ್ದಾಗ ಭೌತವಿಜ್ಞಾನಿ ಬಿಯೊ ಹಳ್ಳಿಹಳ್ಳಿ ತಿರುಗಿ ಜನರನ್ನು ವಿಚಾರಿಸಿ, ಕಲ್ಲು ಹರಡಿದ ಜಾಗದ ನಕ್ಷೆ ಬರೆದ. ವಿದ್ವಾಂಸರ ಸಂಶಯ ಕರಗಿದ್ದು ರಸಾಯನ ಮತ್ತು ಸಾಕ್ಷ್ಯ ಎರಡೂ ಒಂದೇ ಮಾತು ಹೇಳಿದಾಗ. ಬರಬರುತ್ತಾ ನಾವು ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಕೈಬಿಟ್ಟೆವು.

ಕಲ್ಲು ಕೈಯಲ್ಲಿರುವಾಗ ಸಾಕ್ಷ್ಯ ಯಾಕೆ ಎಂದು ಕೇಳಬಹುದು. ಕಲ್ಲೂ ಇದ್ದ ಹಾಗೆ ಇರುವುದಿಲ್ಲ. 1852ರಲ್ಲಿ ಉತ್ತರ ಪ್ರದೇಶದ ಬಸ್ತಿಯಲ್ಲಿ ಬಿದ್ದ ಕಲ್ಲಿನಲ್ಲಿ ಕ್ಯಾಲ್ಸಿಯಂ ಸಲ್ಫೈಡಿನ ಖನಿಜವೊಂದು ಸಿಕ್ಕಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಥಾಮಸ್ ಓಲ್ಡ್‌ಹ್ಯಾಮ್ ಹೆಸರಿನಲ್ಲಿ ಅದು ಓಲ್ಡ್‌ಹ್ಯಾಮೈಟ್ ಆಯಿತು. ತೇವಕ್ಕೆ ಒಡ್ಡಿದರೆ ಅದು ಕೆಡುತ್ತದೆ. ನಾಲ್ಕಾರು ಮಳೆಗಾಲ ಹೊಲದಲ್ಲಿ ಬಿದ್ದಿದ್ದರೆ ಅದರ ಗುರುತೂ ಉಳಿಯುತ್ತಿರಲಿಲ್ಲ. ಇನ್ನೂ ಕಹಿಯಾದ ಉದಾಹರಣೆ 1864ರಲ್ಲಿ ಫ್ರಾನ್ಸಿನಲ್ಲಿ ಬಿದ್ದ ಓರ್ಗೆಯ್ ಕಲ್ಲು. ಅದರೊಳಗಿನ ಬಿಳಿ ಸಲ್ಫೇಟ್ ಎಳೆಗಳನ್ನು ಆ ಕಲ್ಲಿನ ಮೂಲ ಕಾಯದಲ್ಲಿ ನೀರು ಹರಿದ ಗುರುತೆಂದು ದಶಕಗಳ ಕಾಲ ಓದಲಾಯಿತು. ಬಿದ್ದ ಕಾಲದವರ ವಿವರಣೆಗಳನ್ನು ತೆಗೆದು ನೋಡಿದಾಗ ಅವುಗಳಲ್ಲಿ ಈ ಎಳೆಗಳ ಸುದ್ದಿಯೇ ಇರಲಿಲ್ಲ. ಸಂಗ್ರಹಾಲಯದ ಕಪಾಟಿನ ತೇವದಲ್ಲಿ ಅವು ಬೆಳೆದಿದ್ದವು! ಮೊದಲು ಕಂಡವರ ಬರಹ ಇರದಿದ್ದರೆ ಕಪಾಟಿನ ಹವೆಯನ್ನು ಸೌರಮಂಡಲದ ಇತಿಹಾಸವೆಂದೇ ಬೋಧಿಸುತ್ತಿದ್ದೆವು. ಬೇಗ ನಶಿಸುವ ಐಸೊಟೋಪುಗಳ ಮಾತು ಮುಂದಿನ ಸಾಲಿನಲ್ಲಿರುವವರಿಗೆ ನನಗಿಂತ ಚೆನ್ನಾಗಿ ಗೊತ್ತು: ಸೋಡಿಯಂ-24ರ ಅರ್ಧಾಯುಷ್ಯ 15 ಗಂಟೆ, ಕೋಬಾಲ್ಟ್-56ರದು 77 ದಿನ. ಬಿದ್ದ ಹೊತ್ತು ಗೊತ್ತಿಲ್ಲದಿದ್ದರೆ ಇವುಗಳ ಅಳತೆಗೆ ಅರ್ಥವಿಲ್ಲ.

ಈಗ ನನಗೆ ಪ್ರಿಯವಾದ, ಬಗೆಹರಿಯದ ಪ್ರಶ್ನೆಗೆ ಬರುತ್ತೇನೆ. ಬೀಳುವಾಗ ಕಂಡ ಕಲ್ಲುಗಳ ಪಟ್ಟಿ ಆಕಾಶದ ಮಾದರಿಯೋ, ನೋಡುವ ಮನುಷ್ಯರ ದಿನಚರಿಯ ಮಾದರಿಯೋ? 1960ರ ದಶಕದ ಕೊನೆಯಲ್ಲಿ ಅಮೆರಿಕದ ವಿಜ್ಞಾನಿ ಜಾರ್ಜ್ ವೆದರಿಲ್ ಇದಕ್ಕೊಂದು ಜಾಣ ಉತ್ತರ ಹುಡುಕಿದರು. ಭೂಮಿ ಸೂರ್ಯನನ್ನು ಸುತ್ತುವಾಗ ಬೆಳಗಾಗುತ್ತಿರುವ ಬದಿ ಮುಂದಕ್ಕೆ, ಸಂಜೆಯಾಗುತ್ತಿರುವ ಬದಿ ಹಿಂದಕ್ಕೆ ಇರುತ್ತದೆ. ಎದುರಿನಿಂದ ಬರುವ ಕಲ್ಲು ಅತಿವೇಗದಿಂದ ಡಿಕ್ಕಿ ಹೊಡೆದು ಸುಟ್ಟುಹೋಗುವುದೇ ಹೆಚ್ಚು. ಹಿಂದಿನಿಂದ ಅಟ್ಟಿಕೊಂಡು ಬರುವುದು ನಿಧಾನವಾಗಿ ಹೊಕ್ಕು ಉಳಿಯುತ್ತದೆ. ಹಾಗಾಗಿ ಯಾವ ಹೊತ್ತಿಗೆ ಬಿತ್ತು ಎಂಬುದು ಯಾವ ಕಕ್ಷೆಯಿಂದ ಬಂತು ಎಂಬುದರ ಸುಳಿವು. ರಾತ್ರಿ ಜನ ಮಲಗಿರುತ್ತಾರಾದ್ದರಿಂದ ಬೆಳಗಿನ ಆರರಿಂದ ಹನ್ನೆರಡು, ಹನ್ನೆರಡರಿಂದ ಸಂಜೆ ಆರು ಇವೆರಡನ್ನು ಮಾತ್ರ ಹೋಲಿಸಿದರೆ ದಿನಚರಿಯ ದೋಷ ಕಳೆಯುತ್ತದೆ ಎಂಬುದು ಲೆಕ್ಕದ ತಳಹದಿ. ಹಗಲು ಬಿದ್ದ ಸಾಮಾನ್ಯ ಕಾಂಡ್ರೈಟುಗಳಲ್ಲಿ, ಅಂದರೆ ಅತಿ ಹೆಚ್ಚಾಗಿ ಬೀಳುವ ಬಗೆಯ ಕಲ್ಲುಗಳಲ್ಲಿ, ಸುಮಾರು ಮೂರನೇ ಎರಡು ಭಾಗ ಮಧ್ಯಾಹ್ನದ ಮೇಲಿನವು. (ಹೆಸರಾಂತ ಕಲ್ಲುಗಳನ್ನಷ್ಟೇ ನೋಡಿದರೆ ಉಲ್ಟಾ: ಎನ್ಸಿಶೈಮ್, ನಖ್ಲಾ, ಮರ್ಚಿಸನ್, ಟಾಗಿಶ್ ಸರೋವರ, ಚೆಲ್ಯಾಬಿನ್ಸ್ಕ್ ಎಲ್ಲವೂ ಬೆಳಗಿನ ಹೊತ್ತಿನವು. ಕೀರ್ತಿ ಒಳ್ಳೆಯ ಮಾದರಿಯಲ್ಲ.) ಆದರೆ ಮುಂಜಾನೆಯೂ ಅಪರಾಹ್ನವೂ ಎಲ್ಲ ದೇಶದ ರೈತನಿಗೂ ಒಂದೇ ಅಳತೆಯವೆ? ನಮ್ಮ ಬೇಸಿಗೆಯಲ್ಲಿ ಉಳುವವನು ನಸುಕಿಗೇ ಹೊಲಕ್ಕಿಳಿದು ಬಿಸಿಲೇರುವಷ್ಟರಲ್ಲಿ ನೆರಳು ಹಿಡಿಯುತ್ತಾನೆ. ಯುರೋಪಿನ ಬೇಸಿಗೆಯ ದುಡಿಮೆ ಬೇರೆ ತರಹದ್ದು. ಹಾಗಾದರೆ ಭಾರತದ ಬೇಸಿಗೆಯ ಪಟ್ಟಿ ಬೆಳಗಿನ ಕಡೆಗೆ ವಾಲಬೇಕು. ಹಾಗೆ ವಾಲದೆ ಇಲ್ಲೂ ಮಧ್ಯಾಹ್ನದ ಮೇಲಿನವೇ ಹೆಚ್ಚಿದ್ದರೆ ಕಾರಣ ಆಕಾಶದ್ದು; ವಾಲಿದರೆ ವೆದರಿಲ್ ಅವರ ತಳಹದಿಯನ್ನೇ ಮತ್ತೆ ಅಗೆಯಬೇಕು.

ಸಂಖ್ಯೆ ಚಿಕ್ಕದು ಎಂಬ ಆಕ್ಷೇಪ ನ್ಯಾಯವಾದದ್ದೇ. ಭಾರತದಲ್ಲಿ ಕಣ್ಣೆದುರು ಬಿದ್ದವು ನೂರಕ್ಕೂ ಹೆಚ್ಚಿದ್ದರೂ ಋತುವಾರು ಒಡೆದರೆ ಬೆರಳೆಣಿಕೆಗೆ ಇಳಿಯುತ್ತವೆ. ಅದಕ್ಕೇ ಇರುವ ಒಂದೊಂದು ನಮೂದೂ ಗಟ್ಟಿಯಾಗಿರಬೇಕು ಎನ್ನುತ್ತೇನೆ. ಎರಡನೆಯ ಆಕ್ಷೇಪ ಆಕಾಶ ಕಾಯುವ ಕ್ಯಾಮೆರಾ ಬಳಗದ್ದು: 1959ರಲ್ಲಿ ಬಿದ್ದ ಪ್ರಿಬ್ರಾಮ್ ಕಲ್ಲಿನ ಕಕ್ಷೆಯನ್ನು ಚೆಕ್ ಖಗೋಳಜ್ಞ ಚೆಪ್ಲೆಖಾ ಅವರು ಫೋಟೊಗಳಿಂದಲೇ ಲೆಕ್ಕ ಹಾಕಿದ ಮೇಲೆ ಹಳ್ಳಿಯವರ ಮಾತು ಯಾಕೆ ಬೇಕು? ಆ ಕ್ಯಾಮೆರಾಗಳು ಹೆಚ್ಚಾಗಿ ಕಾಯುವುದು ರಾತ್ರಿಯ ಆಕಾಶವನ್ನು, ಅದೂ ಕೆಲವೇ ದೇಶಗಳ ಮೇಲೆ. ದಿನಚರಿಯ ದೋಷ ಹೋಗಿ ಉಪಕರಣದ ದೋಷ ಬಂತು, ಅಷ್ಟೆ. 2008ರಲ್ಲಿ ಸುಡಾನಿನ ಮೇಲೆ ಒಡೆದ ಕ್ಷುದ್ರಗ್ರಹವನ್ನು ದೂರದರ್ಶಕಗಳು ಮೊದಲೇ ಕಂಡಿದ್ದವು. ಆದರೂ ಖಾರ್ಟೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮರುಭೂಮಿಯಲ್ಲಿ ಸಾಲುಗಟ್ಟಿ ನಡೆಯಬೇಕಾಯಿತು, ರೈಲು ನಿಲ್ದಾಣದಲ್ಲಿ ಕಂಡವರನ್ನು ವಿಚಾರಿಸಬೇಕಾಯಿತು. ತುಣುಕುಗಳು ಕೈಯಿಂದ ಕೈಗೆ ಹೋಗಲೇಬೇಕು ಎಂಬ ಸಂಗ್ರಾಹಕ ಮಿತ್ರರ ಆಕ್ಷೇಪ ಮೂರನೆಯದು, ಅದರಲ್ಲಿ ಹುರುಳಿದೆ: 1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಕಲ್ಲಿನ ತುಣುಕು ವಿಯೆನ್ನಾಕ್ಕೆ ಹೋಗದಿದ್ದರೆ 1872ರಲ್ಲಿ ಖನಿಜಶಾಸ್ತ್ರಜ್ಞ ಚೆರ್ಮಾಕ್ ಅದರಲ್ಲಿ ಮ್ಯಾಸ್ಕೆಲಿನೈಟ್ ಎಂಬ ಗಾಜಿನಂಥ ವಸ್ತುವನ್ನು ಗುರುತಿಸುತ್ತಿರಲಿಲ್ಲ. ಆ ಕಲ್ಲು ಮಂಗಳದ್ದೆಂದು ನಾವು ತಿಳಿದದ್ದು ಅದಕ್ಕೂ ನೂರು ವರ್ಷದ ಮೇಲೆ. ತುಣುಕುಗಳು ಊರೂರು ಸುತ್ತಲಿ, ನನ್ನ ಅಡ್ಡಿಯಿಲ್ಲ. ಕೊಯ್ದ ಪ್ರತಿ ಚೂರಿನ ಜೊತೆ ಮೂಲ ಹೇಳಿಕೆಯ ಪ್ರತಿಯೂ ಹೋಗಲಿ, ಗ್ರಾಮುಗಳನ್ನು ಬರೆದ ಕೈಯೇ ಹೊತ್ತನ್ನೂ ಬರೆಯಲಿ ಎಂಬುದಷ್ಟೇ ಬೇಡಿಕೆ.

ಹೊತ್ತು ಎಂದಾಗ ಯಾರ ಗಡಿಯಾರದ್ದು ಎಂಬುದು ದೊಡ್ಡ ತೊಡಕು. ಕರ್ನಾಟಕದ ಹಳೆಯ ನಮೂದುಗಳನ್ನೇ ನೋಡಿ: ಧಾರವಾಡ 1848, ಪಟ್ಟಿಯಲ್ಲಿ ‘ಮುದ್ದೂರ್’ ಎಂದಿರುವ ಮೈಸೂರು ಸೀಮೆಯ ಕಲ್ಲು 1865, ಉಡುಪಿ 1866, ಕಾಮಸಾಗರ 1902. ಭಾರತೀಯ ಪ್ರಮಾಣಿತ ಕಾಲ ಜಾರಿಗೆ ಬಂದದ್ದು 1906ರ ಜನವರಿ 1ರಂದು, ನಾಲ್ಕೂ ಅದಕ್ಕೆ ಹಿಂದಿನವು. ಇಂದಿನ ಗಡಿಯಾರ ಉಡುಪಿಯ ಸೂರ್ಯನಿಗಿಂತ ಸುಮಾರು ಅರ್ಧ ಗಂಟೆ ಮುಂದಿದೆ. ಮದ್ರಾಸ್ ಸಮಯವಾದರೆ ಇಪ್ಪತ್ತು ಚಿಲ್ಲರೆ ನಿಮಿಷ ಮುಂದೆ. ಹನ್ನೆರಡೂಕಾಲು ಎಂದು ಬರೆದ ಪತನ ನಿಜಕ್ಕೂ ಬೆಳಗಿನದ್ದೋ ಮಧ್ಯಾಹ್ನದ ಮೇಲಿನದ್ದೋ ಹೇಳಲಾಗದು. ವೆದರಿಲ್ ಲೆಕ್ಕಕ್ಕೆ ಬೇಕಾದದ್ದು ಸೂರ್ಯನ ಹೊತ್ತು. ‘ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ’ ಎನ್ನುವ ರೈತನೂ, ಸೂರ್ಯೋದಯದಿಂದ ಗಳಿಗೆ ಎಣಿಸಿ ಹೇಳುವ ಪುರೋಹಿತನೂ ಇಲ್ಲಿ ಜೇಬು ಗಡಿಯಾರದ ಅಧಿಕಾರಿಗಿಂತ ನಂಬಿಕಸ್ಥ ಸಾಕ್ಷಿಗಳು. ಅಂಥ ಹೇಳಿಕೆಯನ್ನು ‘ಸುಮಾರು ಮಧ್ಯಾಹ್ನ’ ಎಂದು ತಿದ್ದಿ ಬರೆದ ಗುಮಾಸ್ತ ನಮ್ಮ ದತ್ತಾಂಶವನ್ನೇ ಅಳಿಸಿದ. ಆದ್ದರಿಂದ ಮೊದಲ ಗೋಷ್ಠಿಯವರಲ್ಲಿ ನನ್ನ ವಿನಂತಿ ಇಷ್ಟು: ವರ್ಗೀಕರಣದ ಚರ್ಚೆಗೆ ಮುನ್ನ 1906ಕ್ಕೆ ಹಿಂದಿನ ಭಾರತೀಯ ಪತನಗಳ ಮೂಲ ವರದಿಗಳನ್ನು ಮೇಜಿನ ಮೇಲೆ ಹರಡಿ, ಪ್ರತಿಯೊಂದರ ಮುಂದೆ ಅದು ಯಾರ ಗಡಿಯಾರ, ಯಾರ ಬಾಯಿಂದ ಬಂದ ಮಾತು ಎಂದು ಬರೆಯಿರಿ, ಗೊತ್ತಾಗದ ಕಡೆ ಖಾಲಿ ಬಿಡಿ.