ಪ್ರೋಗ್ರಾಮಿಂಗ್ ಕಲಿಕೆ: ಮೊದಲ ಹೆಜ್ಜೆ ಎಲ್ಲಿಂದ?

(ಹೈಸ್ಕೂಲು ಹಾಗೂ ಪಿಯುಸಿ ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರ್ ಪ್ರೋಗ್ರಾಮಿಂಗ್ ಕುರಿತು ಮಾತನಾಡಲು ಇಂಜಿನಿಯರೊಬ್ಬರನ್ನು ಕರೆಯದೆ ನಮ್ಮನ್ನೇಕೆ ಕರೆದರೆಂಬ ಪ್ರಶ್ನೆ ನಿಮ್ಮಲ್ಲಿ ಮೂಡಿರಬಹುದು. ನಾವು ಮದ್ರಸದಲ್ಲಿ ಅರಬಿ ವ್ಯಾಕರಣ ಓದಿದವರು, ಕಾಲೇಜಿನಲ್ಲಿ ಬಿ.ಎ. ಮಾಡಿದವರು, ವೃತ್ತಿಯಲ್ಲಿ ಪತ್ರಕರ್ತರು. ಆದರೂ ಸಂಘಟಕರ ಆಯ್ಕೆಯಲ್ಲಿ ಒಂದು ಅರ್ಥವಿದೆ. ಗಣಿತದಲ್ಲಿ ನೂರಕ್ಕೆ ನೂರು ಪಡೆದವರಿಗೆ ಮಾತ್ರ ಈ ವಿದ್ಯೆ ಒಲಿಯುತ್ತದೆಂಬ ಭಯ ನಮ್ಮ ಮನೆಗಳಲ್ಲಿ ಬೇರೂರಿದೆ. ಆ ಭಯವನ್ನು ನಾವೂ ಹೊತ್ತು ತಿರುಗಿದವರೇ. ಮೂವತ್ತು ದಾಟಿದ ಮೇಲೆ ಅದನ್ನು ಕೆಳಗಿಳಿಸಿದೆವು. ನೀವು ಅಷ್ಟು ಕಾಲ ಕಾಯಬಾರದೆಂಬುದೇ ಇಂದಿನ ಮಾತಿನ ಉದ್ದೇಶ.

ಹದಿಹರೆಯದಲ್ಲಿ ನಾವು ಕಂಪ್ಯೂಟರ್ ತರಬೇತಿ ಕೇಂದ್ರವೊಂದಕ್ಕೆ ಸೇರಿದ್ದೆವು. ತಂದೆಯವರು ಮೂರು ಕಂತುಗಳಲ್ಲಿ ಶುಲ್ಕ ಕಟ್ಟಿದ್ದರು. ಆರು ತಿಂಗಳಲ್ಲಿ ಪತ್ರ ಟೈಪ್ ಮಾಡುವುದನ್ನೂ ಅಕ್ಷರಗಳ ಬಣ್ಣ ಬದಲಿಸುವುದನ್ನೂ ಕಲಿತೆವು. ಕೊನೆಗೆ ಒಂದು ಸರ್ಟಿಫಿಕೇಟ್ ದೊರೆಯಿತು. ಆದರೆ ಕಂಪ್ಯೂಟರಿಗೆ ಸ್ವಂತವಾಗಿ ಒಂದೇ ಒಂದು ಕೆಲಸ ಕಲಿಸಲು ನಮಗೆ ತಿಳಿದಿರಲಿಲ್ಲ. ಇತರರು ತಯಾರಿಸಿದ್ದನ್ನು ಬಳಸಲು ಮಾತ್ರ ಕಲಿತಿದ್ದೆವು. ಇಂದು ಮೊಬೈಲ್ ಹಿಡಿದಿರುವ ನಮ್ಮ ಮಕ್ಕಳ ಸ್ಥಿತಿ ಇದಕ್ಕಿಂತ ಭಿನ್ನವಾಗಿದೆಯೇ?

ಹಾಗಾದರೆ ಪ್ರೋಗ್ರಾಮಿಂಗ್ ಎಂದರೇನು? ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಸಂಶಯಕ್ಕೆ ಎಡೆಯಿಲ್ಲದಂತೆ ಕ್ರಮವಾಗಿ ಬರೆಯುವುದು. ಆ ಹೆಜ್ಜೆಗಳ ಸರಣಿಗೆ ಅಲ್ಗಾರಿದಮ್ ಎನ್ನುತ್ತಾರೆ. ಈ ಪದವು 9ನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ವಿದ್ವಾಂಸ ಅಲ್ ಖ್ವಾರಿಝ್ಮಿಯವರ ಹೆಸರಿನ ಲ್ಯಾಟಿನ್ ರೂಪದಿಂದ ಬಂದುದಾಗಿದೆ. ಬೀಜಗಣಿತದ ಕುರಿತ ತಮ್ಮ ಗ್ರಂಥದಲ್ಲಿ ಅವರು ಆಸ್ತಿ ಪಾಲು, ವ್ಯಾಪಾರ, ಜಮೀನಿನ ಅಳತೆ ಮುಂತಾದ ದೈನಂದಿನ ಲೆಕ್ಕಗಳನ್ನು ಹಂತ ಹಂತವಾಗಿ ಬಿಡಿಸಿ ತೋರಿಸಿದರು. ನಮ್ಮ ವೇದಿಕೆಗಳಲ್ಲಿ ಅವರ ಹೆಸರನ್ನು ಅಭಿಮಾನದಿಂದ ಸ್ಮರಿಸಲಾಗುತ್ತದೆ. ಆದರೆ ಹೆಸರು ಸ್ಮರಿಸಿದ ಮಾತ್ರಕ್ಕೆ ಒಂದು ಸಾಲು ಪ್ರೋಗ್ರಾಮನ್ನೂ ಬರೆದಂತಾಗುವುದಿಲ್ಲ.

ಮದ್ರಸದಲ್ಲಿ ಸರ್ಫ್ ಓದಿದವರಿಗೆ ಈ ವಿದ್ಯೆಯ ಒಂದು ಮುಖ್ಯ ತತ್ವ ಆಗಲೇ ಪರಿಚಿತವಾಗಿದೆ. ಕಾಫ್, ತಾ, ಬಾ ಎಂಬ ಮೂರು ಅಕ್ಷರಗಳನ್ನು ಒಂದು ಅಚ್ಚಿಗೆ ಹಾಕಿದರೆ ಕಾತಿಬ್, ಇನ್ನೊಂದಕ್ಕೆ ಹಾಕಿದರೆ ಮಕ್ತೂಬ್. ಅದೇ ಅಚ್ಚುಗಳಿಗೆ ನೂನ್, ಸ್ವಾದ್, ರಾ ಹಾಕಿದರೆ ನಾಸಿರ್, ಮನ್ಸೂರ್. ಅಚ್ಚು ಒಂದೇ, ಒಳಗೆ ಹಾಕುವ ವಸ್ತು ಬೇರೆ. ಪ್ರೋಗ್ರಾಮಿಂಗ್‌ನಲ್ಲಿ ಇಂತಹ ಅಚ್ಚಿಗೆ ಫಂಕ್ಷನ್ ಎಂದು ಹೆಸರು. ಬಿ.ಎ. ಓದಿದ ನಮಗೆ ಧೈರ್ಯ ಬಂದದ್ದು ಈ ಸಾಮ್ಯವನ್ನು ಕಂಡಾಗಲೇ.

ಈಗ ವಿದ್ಯಾರ್ಥಿಗಳೊಂದಿಗೆ ನೇರವಾಗಿ ಮಾತನಾಡೋಣ. ಯಾವ ಭಾಷೆಯಿಂದ ಪ್ರಾರಂಭಿಸಬೇಕು? ಮನೆಯಲ್ಲಿ ಹತ್ತು ಹನ್ನೆರಡರ ತಮ್ಮ ತಂಗಿಯರಿದ್ದರೆ ಅವರಿಗೆ ಸ್ಕ್ರ್ಯಾಚ್ ಸಾಕು. ಅಮೆರಿಕದ ಎಂಐಟಿ ಸಂಸ್ಥೆಯು 2007ರಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಿದ ಈ ಉಚಿತ ತಂತ್ರಾಂಶದಲ್ಲಿ ಬಣ್ಣದ ತುಂಡುಗಳನ್ನು ಜೋಡಿಸಿ ಆಟ, ಕಥೆಗಳನ್ನು ರಚಿಸಬಹುದು. ಹದಿಹರೆಯದವರಿಗೆ ನಾವು ಸೂಚಿಸುವುದು ಪೈಥಾನ್. ನೆದರ್ಲ್ಯಾಂಡ್ಸ್‌ನ ಗೈಡೋ ವಾನ್ ರಾಸಮ್ 1991ರಲ್ಲಿ ಹೊರತಂದ ಈ ಭಾಷೆಯೂ ಉಚಿತವಾಗಿದೆ. ಇದರ ವಾಕ್ಯಗಳು ಸರಳ ಇಂಗ್ಲಿಷಿಗೆ ಹತ್ತಿರವಾಗಿವೆ. ಒಂದಕ್ಕಿಂತ ಇನ್ನೊಂದು ಭಾಷೆ ಮೇಲೆಂದು ಗೆಳೆಯರು ವಾದಿಸಿದರೆ ಕಿವಿಗೊಡಬೇಡಿ. ಒಂದನ್ನು ಹಿಡಿದು ಆರು ತಿಂಗಳು ಬಿಡದಿರಿ. ಮೊದಲನೆಯದು ಕೈವಶವಾದರೆ ಎರಡನೆಯದು ಸುಲಭ.

ಉಪಕರಣದ ಚಿಂತೆ ಹೆತ್ತವರದು. ದುಬಾರಿ ಲ್ಯಾಪ್‌ಟಾಪ್ ಬೇಡ. ಹಳೆಯ ಕಂಪ್ಯೂಟರಿನಲ್ಲಿಯೂ ಪೈಥಾನ್ ಕಲಿಯಬಹುದು. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಥಾನಿ ಎಂಬ ಉಚಿತ ತಂತ್ರಾಂಶವು ಹೊಸಬರಿಗೆಂದೇ ಇದೆ. ಕಂಪ್ಯೂಟರ್ ಇಲ್ಲದ ಮನೆಯ ಮಕ್ಕಳು ಮೊಬೈಲಿನಲ್ಲೇ ಪೈಥಾನ್ ಬರೆದು ಓಡಿಸುವ ಆ್ಯಪ್‌ಗಳಿಂದ ಪ್ರಾರಂಭಿಸಬಹುದು. ಪಾಠಗಳೂ ಧಾರಾಳವಾಗಿವೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡ ಧ್ವನಿಯಿರುವ ಕಂಪ್ಯೂಟರ್ ಪಾಠಗಳೂ ಇವೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಎಂಬ ಕೋರ್ಸನ್ನು ಅಂತರ್ಜಾಲದಲ್ಲಿ ಯಾರೂ ಉಚಿತವಾಗಿ ಕಲಿಯಬಹುದು.

ಆದರೆ ಒಂದು ಎಚ್ಚರಿಕೆ. ವೀಡಿಯೋ ನೋಡಿದರೆ ಈಜು ಬಾರದು, ನೀರಿಗೆ ಇಳಿಯಬೇಕು. ಹತ್ತು ನಿಮಿಷ ಪಾಠ ಕೇಳಿದರೆ ಅರ್ಧ ಗಂಟೆ ಸ್ವತಃ ಬರೆಯಿರಿ. ಬರೆದುದರಲ್ಲಿ ಒಂದೆರಡು ಸಾಲು ಬದಲಿಸಿ ಏನಾಗುತ್ತದೆಂದು ನೋಡಿರಿ. ಬಳಿಕ ಪಾಠ ಮುಚ್ಚಿಟ್ಟು ಮೊದಲಿನಿಂದ ಬರೆಯಿರಿ.

ಏನನ್ನು ಬರೆಯಬೇಕು? ನಿಮ್ಮ ಮನೆಯ ಲೆಕ್ಕವನ್ನೇ ಬರೆಯಿರಿ. ತಂದೆಯವರಿಗೆ ದಿನಸಿ ಅಂಗಡಿಯಿದ್ದರೆ ಉದ್ರಿ ಪುಸ್ತಕವಿರುತ್ತದೆ. ಮೊದಲು ಕಾಗದದ ಮೇಲೆ ಕನ್ನಡದಲ್ಲೇ ಹೆಜ್ಜೆಗಳನ್ನು ಬರೆದುಕೊಳ್ಳಿ: ಹಳೆಯ ಬಾಕಿ ಕೇಳು, ಇಂದಿನ ಖರೀದಿ ಕೇಳು, ಎರಡನ್ನೂ ಕೂಡಿಸು, ಗಿರಾಕಿ ಕೊಟ್ಟ ಹಣ ಕಳೆ, ಬಾಕಿ 1000 ರೂಪಾಯಿ ದಾಟಿದರೆ ಎಚ್ಚರಿಸು. ಇದನ್ನು ಪೈಥಾನಿಗೆ ತರಲು ಹತ್ತು ಹನ್ನೆರಡು ಸಾಲು ಸಾಕು. ಮೊತ್ತವನ್ನು ಹೆಸರಿಟ್ಟು ನೆನಪಿಡುವುದು ವೇರಿಯೇಬಲ್. 'ದಾಟಿದರೆ' ಎಂಬುದು ಷರತ್ತು. ಗಿರಾಕಿಗಳು ನಲ್ವತ್ತು ಮಂದಿ ಇದ್ದರೆ ಅದೇ ಹೆಜ್ಜೆಗಳನ್ನು ಪುನರಾವರ್ತಿಸಲು ಲೂಪ್ ಬೇಕಾಗುತ್ತದೆ. ನಾಳೆಗೂ ಲೆಕ್ಕ ಉಳಿಯಬೇಕಿದ್ದರೆ ಫೈಲಿನಲ್ಲಿ ಬರೆದಿಡಬೇಕಾಗುತ್ತದೆ. ಅಗತ್ಯವೇ ನಿಮಗೆ ಒಂದೊಂದಾಗಿ ಪಾಠ ಕಲಿಸುತ್ತದೆ.

ತಪ್ಪುಗಳಿಗೆ ಅಂಜಬೇಡಿ. ನಮ್ಮ ಮೊದಲ ಪ್ರೋಗ್ರಾಮಿನಲ್ಲಿ 50 ಮತ್ತು 30ನ್ನು ಕೂಡಿಸಲು ಹೊರಟಾಗ 80ರ ಬದಲು 5030 ಬಂತು! ಕೀಲಿಮಣೆಯಿಂದ ಟೈಪ್ ಮಾಡಿದ್ದನ್ನು ಪೈಥಾನ್ ಅಕ್ಷರವೆಂದೇ ಸ್ವೀಕರಿಸುತ್ತದೆ. ಅದನ್ನು ಸಂಖ್ಯೆಯಾಗಿ ಪರಿವರ್ತಿಸೆಂದು ನಾವೇ ಹೇಳಬೇಕು. ಅದು ತಿಳಿಯಲು ಒಂದು ಸಂಜೆ ಕಳೆಯಿತು, ಆದರೆ ಆ ಪಾಠ ಇಂದಿಗೂ ಮರೆತಿಲ್ಲ. ಪರದೆಯ ಮೇಲೆ ತಪ್ಪಿನ ಸಂದೇಶ ಬಂದಾಗ ಗಾಬರಿಯಾಗದೆ ಅದರ ಕೊನೆಯ ಸಾಲನ್ನು ಮೊದಲು ಓದಿರಿ. ತಪ್ಪು ಯಾವ ಬಗೆಯದೆಂದು ಅಲ್ಲಿರುತ್ತದೆ, ಯಾವ ಸಾಲಿನಲ್ಲೆಂದು ಅದರ ಮೇಲಿರುತ್ತದೆ. ಉತ್ತಮ ಪ್ರೋಗ್ರಾಮರನೆಂದರೆ ತಪ್ಪೇ ಮಾಡದವನಲ್ಲ, ತನ್ನ ತಪ್ಪನ್ನು ತಾಳ್ಮೆಯಿಂದ ಹುಡುಕುವವನು.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ನಂತರ ಹೆತ್ತವರು ಹೊಸ ಪ್ರಶ್ನೆಯೊಂದನ್ನು ಎತ್ತುತ್ತಿದ್ದಾರೆ: ಪ್ರೋಗ್ರಾಮನ್ನು ಯಂತ್ರವೇ ಬರೆಯುವಾಗ ಮಕ್ಕಳು ಏಕೆ ಕಲಿಯಬೇಕು? ಯಂತ್ರ ಬರೆಯುತ್ತದೆ, ನಿಜ. ತಪ್ಪನ್ನೂ ಅಷ್ಟೇ ಆತ್ಮವಿಶ್ವಾಸದಿಂದ ಬರೆಯುತ್ತದೆ. ಅದು ಬರೆದುಕೊಟ್ಟ ಲೆಕ್ಕ ಸರಿಯೇ ಎಂದು ಪರೀಕ್ಷಿಸುವವರು ಯಾರು? ಕ್ಯಾಲ್ಕುಲೇಟರ್ ಬಂದ ಮೇಲೂ ನಾವು ಮಕ್ಕಳಿಗೆ ಮಗ್ಗಿ ಕಲಿಸುವುದನ್ನು ನಿಲ್ಲಿಸಲಿಲ್ಲ. ಅರ್ಥವಾಗದ್ದನ್ನು ವಿವರಿಸಲು ಆ ಸಾಧನವನ್ನು ಕೇಳಿರಿ, ನಿಮ್ಮ ಅಭ್ಯಾಸವನ್ನು ಅದರಿಂದ ಬರೆಸದಿರಿ.

ಕೊನೆಯದಾಗಿ, ಹೆಣ್ಣು ಮಕ್ಕಳ ವಿಚಾರ. ಹಲವು ಮನೆಗಳಲ್ಲಿ ಕಂಪ್ಯೂಟರ್ ಮಗನ ಕೋಣೆಯಲ್ಲಿರುತ್ತದೆ. ಮಗಳು ಅಡುಗೆ ಮನೆಯ ಕೆಲಸ ಮುಗಿಸಿ ಬರುವಾಗ ರಾತ್ರಿಯಾಗಿರುತ್ತದೆ. ಪ್ರಥಮ ಪ್ರೋಗ್ರಾಮರ್ ಎಂದು ಹಲವರು ಗೌರವಿಸುವ ಅಡಾ ಲವ್‌ಲೇಸ್ ಓರ್ವ ಮಹಿಳೆ. ಚಾರ್ಲ್ಸ್ ಬ್ಯಾಬೇಜ್ ಯೋಜಿಸಿದ್ದ ಯಂತ್ರವು ಲೆಕ್ಕ ಮಾಡಬೇಕಾದ ಕ್ರಮವನ್ನು ಆಕೆ 1843ರಲ್ಲೇ ಪ್ರಕಟಿಸಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ನಿರ್ಮಿಸತೊಡಗಿದ ಎನಿಯಾಕ್ ಕಂಪ್ಯೂಟರಿನ ಮೊದಲ ಪ್ರೋಗ್ರಾಮರ್‌ಗಳು ಆರು ಮಂದಿ ಮಹಿಳೆಯರು. ಮನೆಯೊಳಗಿದ್ದೇ ಕಲಿಯಬಹುದಾದ, ಮನೆಯೊಳಗಿದ್ದೇ ದುಡಿಯಲೂ ಅವಕಾಶವಿರುವ ಈ ವಿದ್ಯೆಯಿಂದಲೂ ಮಗಳನ್ನು ದೂರವಿಟ್ಟರೆ ನಾವು ಯಾವ ನೆಪ ಹೇಳೋಣ?

ಹೆತ್ತವರಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಸಾವಿರಾರು ರೂಪಾಯಿಯ ಕೋರ್ಸಿಗೆ ಸೇರಿಸುವ ಮುನ್ನ ಮಗನಿಗೂ ಮಗಳಿಗೂ ದಿನಕ್ಕೆ ಮುಕ್ಕಾಲು ಗಂಟೆ ಬಿಡುವು ಕೊಡಿ. ತಿಂಗಳು ಕಳೆದ ಮೇಲೆ ಅಂಕವನ್ನಾಗಲಿ ಸರ್ಟಿಫಿಕೇಟನ್ನಾಗಲಿ ಕೇಳಬೇಡಿ. 'ನೀನು ಮಾಡಿದ್ದನ್ನು ತೋರಿಸು' ಎಂದಷ್ಟೇ ಕೇಳಿರಿ. ಮಗು ತೋರಿಸುವುದು ಹನ್ನೆರಡು ಸಾಲಿನ ಉದ್ರಿ ಲೆಕ್ಕವಾದರೂ ಸರಿ, ಅದು ಆ ಮಗುವಿನದೇ ಸ್ವಂತ ರಚನೆಯಾಗಿರಲಿ. ಆ ದಿನ ಅಂಗಡಿಯ ಲೆಕ್ಕವನ್ನು ಅದರಲ್ಲೇ ಮಾಡಿ ನೋಡಿರಿ.