ವೃತ್ತಪತ್ರಿಕೆಗಳ ಇತಿಹಾಸವೂ ಶರಣರ ನುಡಿಧರ್ಮವೂ



ವೃತ್ತಪತ್ರಿಕೆಗಳ ಇತಿಹಾಸವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಗಿರುವುದು. ಮಠದ ಸಭೆಯಲ್ಲಿ ಈ ಲೌಕಿಕ ವಿಷಯವೇಕೆಂದು ಕೆಲವರು ಶಂಕಿಸಬಹುದು. ನಡೆನುಡಿಗಳ ಶುದ್ಧಿಯನ್ನೇ ಸಾಧನೆಯೆಂದು ಬಗೆದ ಶರಣರ ಸಂತತಿಗೆ ಇದು ಹೊರಗಿನ ವಿಷಯವಲ್ಲವೆಂದು ನನ್ನ ಭಾವನೆ.

ಸುದ್ದಿಯನ್ನು ಬರೆದು ಸಾರುವ ಪದ್ಧತಿಯು ಬಹು ಪ್ರಾಚೀನವಾದುದು. ಕ್ರಿ. ಪೂ. 3ನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯು ಬಂಡೆಗಳ ಮೇಲೆ ಕೊರೆಯಿಸಿದ ಶಾಸನಗಳು ನಮ್ಮ ಮಸ್ಕಿ, ಬ್ರಹ್ಮಗಿರಿಗಳಲ್ಲಿ ಇಂದಿಗೂ ಇರುವುವು. ಕ್ರಿ. ಪೂ. 59ರಲ್ಲಿ ಜೂಲಿಯಸ್ ಸೀಸರನು ರೋಮಾನಗರದಲ್ಲಿ ದಿನದಿನದ ವೃತ್ತಾಂತವನ್ನು ಬರೆಯಿಸಿ ಪ್ರಕಟಿಸುವ ಏರ್ಪಾಡನ್ನು ಮಾಡಿದನು. ಇವೆಲ್ಲವೂ ಆಳುವವರ ನುಡಿಗಳು. ಪ್ರಜೆಯು ಕೇಳತಕ್ಕವನೇ ಹೊರತು ಹೇಳತಕ್ಕವನಾಗಿರಲಿಲ್ಲ.

ಅಚ್ಚಿನ ಕಲೆಯು ಈ ಸ್ಥಿತಿಯನ್ನು ಮಾರ್ಪಡಿಸಿತು. 1605ರಲ್ಲಿ ಸ್ಟ್ರಾಸ್‌ಬರ್ಗಿನ ಯೋಹಾನ್ ಕಾರೊಲಸನು ವಾರಪತ್ರಿಕೆಯನ್ನು ಮುದ್ರಿಸತೊಡಗಿದನು. ನಮ್ಮ ದೇಶದಲ್ಲಿ 1780ರಲ್ಲಿ ಹಿಕಿ ಎಂಬಾತನು ಕಲಕತ್ತೆಯಲ್ಲಿ ಮೊದಲ ಪತ್ರಿಕೆಯನ್ನು ಹೊರಡಿಸಿ, ಅಧಿಕಾರಿಗಳನ್ನು ಖಂಡಿಸಿದುದಕ್ಕಾಗಿ ಸೆರೆಮನೆಯನ್ನು ಕಂಡನು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಪಾದ್ರಿಯು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಲು, ಕನ್ನಡ ಪತ್ರಿಕೋದ್ಯಮವು ಜನಿಸಿತು.

ಈ ಪರಂಪರೆಯಲ್ಲಿ ನಮಗೆ ಅತ್ಯಂತ ಆಪ್ತರಾದವರು ಡಾ. ಫ. ಗು. ಹಳಕಟ್ಟಿಯವರು. ವಕೀಲವೃತ್ತಿಯಲ್ಲಿದ್ದ ಇವರು ಮನೆಮನೆಗಳಲ್ಲಿ ಅಡಗಿದ್ದ ತಾಳೆಯೋಲೆಗಳನ್ನು ಅರಸಿ ತಂದು, ಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಅಂದಿನ ಬಿಜಾಪುರದಲ್ಲಿ ಸ್ವಂತ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ವನ್ನೂ 1927ರಲ್ಲಿ ‘ನವಕರ್ನಾಟಕ’ವನ್ನೂ ಆರಂಭಿಸಿದರು. ಒಂದು ಶರಣರ ವಾಣಿಗೆ, ಮತ್ತೊಂದು ನಾಡಿನ ವಾರ್ತೆಗೆ ಮೀಸಲು. ಓಲೆಯನ್ನು ಪರಿಶೋಧಿಸುವ ಕಣ್ಣು ವಾರ್ತೆಯನ್ನೂ ಪರಿಶೋಧಿಸಬೇಕೆಂಬುದೇ ಇದರಿಂದ ನಾವು ಕಲಿಯತಕ್ಕ ಪಾಠವು. ಅವರಿಗೆ ಸಂಪಾದನೆಯು ಧನಾರ್ಜನೆಯಾಗಿರಲಿಲ್ಲ, ಕಾಯಕವಾಗಿತ್ತು.

ತರುವಾಯ ಆಕಾಶವಾಣಿಯು ಬಂದಿತು, ದೂರದರ್ಶನವು ಬಂದಿತು. 1995ರ ಆಗಸ್ಟ್ 15ರಂದು ಅಂತರಜಾಲವು ನಮ್ಮ ದೇಶದ ಸಾರ್ವಜನಿಕರಿಗೆ ತೆರೆಯಿತು. ಈಗ ಅಂಗೈಯೊಳಗಿನ ಮೊಬೈಲೇ ಅಚ್ಚುಕೂಟ. ಅದನ್ನು ಹಿಡಿದ ಪ್ರತಿಯೊಬ್ಬನೂ ಸಂಪಾದಕ. ಕಲ್ಲಿನಲ್ಲಿ ಕೊರೆಯುವವನಿಗೂ ಮೊಳೆ ಜೋಡಿಸುವವನಿಗೂ ಶ್ರಮವೇ ಒಂದು ತಡೆಯಾಗಿ, ಯೋಚಿಸಲು ಸಮಯವನ್ನು ಕೊಡುತ್ತಿತ್ತು. ಆ ಶ್ರಮವು ಇಂದು ಅಳಿದಿದೆ. ತಡೆಯು ನಮ್ಮ ಅಂತಃಕರಣದಲ್ಲಿಯೇ ಇರಬೇಕಾಗಿದೆ.

ಅದು ಇಲ್ಲವಾದರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕಲ್ಯಾಣವನ್ನು ಒಡಲಲ್ಲಿಟ್ಟುಕೊಂಡ ಬೀದರ ಜಿಲ್ಲೆಯಲ್ಲಿಯೇ, 2018ರ ಜುಲೈ ತಿಂಗಳಲ್ಲಿ, ಮಕ್ಕಳಿಗೆ ಮಿಠಾಯಿ ಕೊಟ್ಟ ಪರಊರಿನವರನ್ನು ಮಕ್ಕಳ ಕಳ್ಳರೆಂದು ಮೊಬೈಲಿನಲ್ಲಿ ಹಬ್ಬಿಸಲಾಯಿತು. ಮುರ್ಕಿ ಗ್ರಾಮದಲ್ಲಿ ಜನರ ಗುಂಪು ಅವರನ್ನು ತಡೆದು ಹೊಡೆಯಲು, ಒಬ್ಬ ತರುಣನು ಪ್ರಾಣವನ್ನೇ ಕಳೆದುಕೊಂಡನು. ಸುಳ್ಳನ್ನು ಹುಟ್ಟಿಸಿದವನು ಒಬ್ಬನಿರಬಹುದು. ಹೊತ್ತು ಸಾಗಿಸಿದವರು ನೂರಾರು ಮಂದಿ. ದಯೆಯೇ ಧರ್ಮದ ಬೇರೆಂದು ನಂಬಿದ ನೆಲದಲ್ಲಿ ಹೀಗಾಯಿತಲ್ಲ ಎಂಬ ವ್ಯಥೆಯು ನಮ್ಮೆಲ್ಲರನ್ನೂ ಕಾಡತಕ್ಕುದು.

ಆದುದರಿಂದ ಶರಣ ಬಂಧುಗಳೇ, ಇಷ್ಟಲಿಂಗವನ್ನು ಹಿಡಿಯುವ ಅಂಗೈಯಲ್ಲಿಯೇ ನಾವು ಈ ಯಂತ್ರವನ್ನೂ ಹಿಡಿಯುತ್ತೇವೆಂಬುದನ್ನು ಮರೆಯದಿರೋಣ. ವಾರ್ತೆಯೊಂದು ಬಂದಾಗ, ಇದನ್ನು ಹೇಳಿದವರು ಯಾರು, ಕಣ್ಣಾರೆ ಕಂಡವರು ಯಾರು, ಇದರಿಂದ ನಿರಪರಾಧಿಗೆ ಕೇಡುಂಟೇ ಎಂದು ಕೇಳಿಕೊಂಡು, ತಿಳಿಯದಿದ್ದರೆ ಮುಂದಕ್ಕೆ ಸಾಗಿಸದೆ ಸುಮ್ಮನಿರೋಣ. ಹಾಗೆ ಸುಮ್ಮನಿರುವುದೂ ಒಂದು ವ್ರತವೇ ಸರಿ.