ಆಸ್ತಿಪಟ್ಟಿಯಲ್ಲಿ ಮನುಷ್ಯರು
(ಬಾಂದ್ರಾದಲ್ಲಿ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ಧನಧಾನ್ಯಗಳ ಸಾಲಿನಲ್ಲಿಯೇ ದಾಸೀದಾಸರೂ ಬರುತ್ತಾರೆ. ದಶಲಕ್ಷಣ ಪರ್ವದಲ್ಲಿ ಪ್ರತಿವರ್ಷ ಓದುವ ಸೂತ್ರವಿದು. ಮಿತಿಯಲ್ಲಿರಲಿ ಎಂಬುದು ವ್ರತ; ಮನುಷ್ಯನು ಆ ಪಟ್ಟಿಗೆ ಸೇರಿದ್ದು ಹೇಗೆಂದು ಪ್ರವಚನಗಳಲ್ಲಿ ಕೇಳುವವರು ವಿರಳ.

ತುಳುನಾಡಿನ ಚೌಟರು, ಬಂಗರು, ಅಜಿಲರು ಜೈನ ಅರಸರು. ಕಾರ್ಕಳದ 1432ರ ಬಾಹುಬಲಿಯನ್ನೂ ವೇಣೂರಿನ 1604ರ ಬಾಹುಬಲಿಯನ್ನೂ ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಆ ಸೀಮೆಗಳ ಗದ್ದೆಯಲ್ಲಿ ದುಡಿದ ಮೂಲದಾಳುಗಳನ್ನಲ್ಲ. 1801ರಲ್ಲಿ ಅಲ್ಲಿ ಸಂಚರಿಸಿದ ಬುಕಾನನ್, ಕೊಂಡು ಮಾರುವ ಆಳುಗಳ ವಿಷಯವನ್ನು ಬರೆದಿಟ್ಟಿದ್ದಾನೆ. ಒಡೆಯರು ಜೈನರಷ್ಟೇ ಅಲ್ಲ. ಬಂಟರೂ ಬ್ರಾಹ್ಮಣರೂ ಇದ್ದರು. ಅದರಿಂದ ನಮ್ಮ ಪಾಲು ಕಡಮೆಯಾಗುವುದಿಲ್ಲ.

1843ರ ಕಾಯಿದೆಯು ಆಳಿನ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಮನ್ನಿಸಬಾರದೆಂದಿತು. ಶಿಕ್ಷೆ ಬಂದುದು 1862ರಲ್ಲಿ, ದಂಡಸಂಹಿತೆಯೊಡನೆ. ಭೂಮಿ ಮಾತ್ರ ವರ್ಗದಾರನ ಹೆಸರಿನಲ್ಲಿಯೇ ಉಳಿಯಿತು. 1919ರ ಕಾನೂನಿನಡಿ ಮತದಾನದ ಹಕ್ಕು ಬಹುಮಟ್ಟಿಗೆ ಕಂದಾಯ, ತೆರಿಗೆ ಕಟ್ಟುವವರಿಗೇ ಸಂದಿತು. ಕಂದಾಯ ಹುಟ್ಟಿದ್ದು ಆಳಿನ ಬೆವರಿನಿಂದ, ಮತ ಹುಟ್ಟಿದ್ದು ಒಡೆಯನ ರಸೀದಿಯಿಂದ!

ಅಮೆರಿಕದವರು ಇದನ್ನು ಲೆಕ್ಕ ಹಾಕಿಯೇ ಬರೆದರು. 1787ರ ಸಂವಿಧಾನದಲ್ಲಿ ಪ್ರಾತಿನಿಧ್ಯದ ಲೆಕ್ಕಕ್ಕೆ ಐವರು ಗುಲಾಮರು ಮೂವರೆಂದು ಎಣಿಕೆಯಾದರು. ಮತ ಗುಲಾಮರಿಗಿಲ್ಲ, ಹೆಚ್ಚಿನ ಸ್ಥಾನಗಳು ಒಡೆಯರ ರಾಜ್ಯಗಳಿಗೆ. ಮೊದಲ 12 ಅಧ್ಯಕ್ಷರಲ್ಲಿ ಇಬ್ಬರು ಆಡಮ್ಸರನ್ನು ಬಿಟ್ಟು ಉಳಿದ ಹತ್ತು ಮಂದಿಯೂ ಗುಲಾಮರನ್ನು ಹೊಂದಿದ್ದವರು. ಬ್ರಿಟನ್ 1833ರಲ್ಲಿ ಪರಿಹಾರವೆಂದು ಎರಡು ಕೋಟಿ ಪೌಂಡ್ ಗೊತ್ತುಮಾಡಿತು. ಅದು ಒಡೆಯರಿಗೆ; ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಇಲ್ಲ.

ದೇವರಾಜ ಅರಸರ 1974ರ ತಿದ್ದುಪಡಿ ಬಂದಾಗ ನಮ್ಮ ಅನೇಕ ಮನೆತನಗಳು ಗೇಣಿ ಭೂಮಿಯನ್ನು ಕಳೆದುಕೊಂಡವು. ಆ ನೋವನ್ನು ಇಂದಿಗೂ ಮದುವೆಮನೆಗಳಲ್ಲಿ ಕೇಳಬಹುದು. ಭೂಮಿ ಸಿಕ್ಕಿದ್ದು ಗೇಣಿದಾರನಿಗೆ. ಗೇಣಿಚೀಟಿಯಿಲ್ಲದ ಮೂಲದಾಳಿನ ಮೊಮ್ಮಗನಿಗೆ ಹೆಚ್ಚೆಂದರೆ ಗುಡಿಸಲಿನ ಅಡಿಯ ನೆಲ. ಜೀತ ನಿಷೇಧದ ಕಾನೂನು ಬಂದುದೂ 1976ರಲ್ಲಿಯೇ. ನಷ್ಟದ ಖಾತೆಯನ್ನು ಬರೆಯುವವರು ಈ ಬಾಬನ್ನೂ ಸೇರಿಸಬೇಕು.

ಇಲ್ಲಿ ಕುಳಿತಿರುವ ಕೆಲವರ ಊರಮನೆಯ ಅಟ್ಟದಲ್ಲಿ ಹಳೆಯ ಕಡತಗಳಿರಬಹುದು. ಮನೆ ಮಾರುವ ಮುನ್ನ ಅವನ್ನು ಗುಜರಿಗೆ ಹಾಕದಿರಿ. ಭತ್ತದ ಮುಡಿಗಳ ಲೆಕ್ಕದ ನಡುವೆ ಆಳುಗಳ ಹೆಸರುಗಳಿದ್ದರೆ, ಮೊದಲು ಅವನ್ನು ನಕಲು ಮಾಡಿಕೊಳ್ಳಿ.